ಹತ್ತೊಂಬತ್ತು ಉಗುರಿನ ಮರಿ: ಡ್ಯೂ ಕ್ಲಾ ಕತ್ತರಿಸುವ ಮೊದಲು

ಫೋನ್ ಬಂದಾಗ ಮರಿ ಹುಟ್ಟಿ ಮೂರನೇ ದಿನ.

"ಸಾಹೇಬ್ರ, ಮರಿ ತಗೊಳ್ಳಾವ್ರು ನಾಕೂ ಕಾಲಿಂದು ಮ್ಯಾಲಿನ ಉಗುರು ತಗಸ್ರಿ ಅಂದಾರ. ಇವತ್ತ ಬಂದು ಮಾಡಿ ಹೋಗ್ರಿ. ಐದ ದಿನ ದಾಟಿದ್ರ ಆಗೂದಿಲ್ಲಂತ."

ನಾನು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿದ್ದ ಕಾಲದ ಮಾತಿದು. ಊರು, ಮನೆತನ, ಮರಿ ಕೊಂಡವರು ಯಾರೆಂದು ತಿಳಿಯದಂತೆ ಕೆಲವು ವಿವರ ಮರೆಸಿದ್ದೇನೆ. ಕಾಲು, ಉಗುರು, ಗಾಯದ ವಿಷಯ ಮಾತ್ರ ನನ್ನ ಡೈರಿಯಲ್ಲಿ ಇದ್ದ ಹಾಗೆಯೇ ಇದೆ, ನನ್ನ ತಪ್ಪುಗಳೂ ಸೇರಿ.

ಹಟ್ಟಿ, ನಾಯಿ, ಉಗುರಿನ ಲೆಕ್ಕ

ಕುರಿ ಸಾಕುವ ಮನೆ. ಅಣ್ಣ, ತಮ್ಮ, ಅವರ ತಾಯಿ. ನೂರರ ಮೇಲೆ ಕುರಿ, ಹಟ್ಟಿ ಕಾಯಲು ಮೂರು ನಾಯಿ. ತಾಯಿ ನಾಯಿ ಅಪ್ಪಟ ಮುಧೋಳ ತಳಿ: ಸಣ್ಣ ನಡು, ಉದ್ದ ಮೋರೆ, ಓಡಲು ಶುರುವಿಟ್ಟರೆ ನಾಲ್ಕೂ ಕಾಲು ನೆಲ ಬಿಟ್ಟಂತೆ ಕಾಣುವ ಓಟ. ತಂದೆ ಅದೇ ಹಟ್ಟಿಯ ದಪ್ಪ ಮೈಯ ಕಾವಲು ನಾಯಿ. ಅದರ ಹಿಂಗಾಲಿನಲ್ಲಿ ಎರಡು ಉಗುರು ಹೆಚ್ಚು. ಆ ಗುಣ ಕೆಲವು ಮರಿಗಳಿಗೆ ಇಳಿದಿತ್ತು.

ಲೆಕ್ಕ ಹೀಗೆ. ಸಾಮಾನ್ಯ ನಾಯಿಗೆ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಮುಂಗಾಲಿನ ಐದನೆಯದು ಉಳಿದವುಗಳ ಸಾಲಿನಲ್ಲಿರದೆ ಒಳಬದಿಯಲ್ಲಿ, ಮೇಲಕ್ಕೆ ಇರುತ್ತದೆ. ನಮ್ಮ ಕೈಯ ಹೆಬ್ಬೆರಳಿನ ಜಾಗದ್ದು. ಅದೇ ಡ್ಯೂ ಕ್ಲಾ. ಹಿಂಗಾಲಿನಲ್ಲೂ ಒಂದೊಂದು ಬಂದರೆ 20. ಇಪ್ಪತ್ತುಗುರಿನ ನಾಯಿ ಧೈರ್ಯದ್ದು, ಬೇಟೆಗೂ ಕಾವಲಿಗೂ ಅದೇ ಸೈ ಅನ್ನುವ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಸಂತೆಯಲ್ಲಿ ಮರಿ ಕೊಳ್ಳುವವರು ಮೊದಲು ಎತ್ತಿ ನೋಡುವುದೇ ಹಿಂಗಾಲನ್ನು.

ಈ ಸೂಲಿನಲ್ಲಿ ಏಳು ಮರಿ. ನಾಲ್ಕಕ್ಕೆ 18, ಎರಡಕ್ಕೆ 20. ಇನ್ನೊಂದಕ್ಕೆ ಬಲ ಹಿಂಗಾಲಿನಲ್ಲಿ ಮಾತ್ರ ಹೆಚ್ಚಿನ ಉಗುರು, ಅಂದರೆ 19. ಈ ಮೂರನ್ನೂ ಗುರುತು ಹಿಡಿಯಲು ಕೊರಳಿಗೆ ಸಡಿಲವಾಗಿ ಉಣ್ಣೆ ಎಳೆ ಕಟ್ಟಿಸಿದೆ. 20ರ ಎರಡಕ್ಕೆ ಕೆಂಪು, ಕರಿ, 19ಕ್ಕೆ ಬಿಳಿ. ಮುಂದೆ ಇವನ್ನು ಕೆಂಪ, ಕರಿಯ, ಬಿಳಿಯ ಅಂತಲೇ ಕರೆಯುತ್ತೇನೆ.

ಕೊಂಡವರು ಬೆಂಗಳೂರಿನ ಹೊರವಲಯದಲ್ಲಿ ತೋಟ ಮಾಡಿಕೊಂಡಿದ್ದ ಒಬ್ಬರು. ಬೇಕಿದ್ದದ್ದು ನಾಲ್ಕು ಮರಿ, ತೋಟದ ಕಾವಲಿಗೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಭಾಷಣದಲ್ಲಿ ದೇಶಿ ತಳಿಗಳ ಜತೆ ಮುಧೋಳ ನಾಯಿಯ ಹೆಸರನ್ನೂ ಹೇಳಿದ ಮೇಲೆ ನಮ್ಮ ಕಡೆಯ ಮರಿಗಳಿಗೆ ಇಂಥ ಗಿರಾಕಿಗಳು ಹೆಚ್ಚಾದರು. ಅವರ ಜತೆ ಮೊಬೈಲಿನಲ್ಲಿ ನೋಡಿದ ವಿದೇಶಿ ಪದ್ಧತಿಗಳೂ ಬಂದವು. ಇವರ ಷರತ್ತು: ನಾಲ್ಕೂ ಮರಿಗೆ, ಮುಂದಿನದು ಹಿಂದಿನದು ಎಲ್ಲ ಡ್ಯೂ ಕ್ಲಾ ತೆಗೆಸಿರಬೇಕು. ಮುಂಗಡ ಆಗಲೇ ಬಂದಾಗಿತ್ತು.

ಕತ್ತರಿ ಕೈಯಲ್ಲಿತ್ತು

ನಾನು ಹೊರಟದ್ದು ಕತ್ತರಿಸುವ ಮನಸ್ಸಿನಿಂದಲೇ. ಅದಕ್ಕೂ ಮೊದಲು ಎಷ್ಟೋ ಸೂಲಿನ ಮರಿಗಳಿಗೆ ಮಾಡಿದ್ದೆ. ಮೂರರಿಂದ ಐದು ದಿನದ ಮರಿಯ ಬೆರಳು ಇನ್ನೂ ಎಳಸು. ಒಬ್ಬರು ಹಿಡಿದರೆ ಇನ್ನೊಬ್ಬರು ಕತ್ತರಿಯಲ್ಲಿ ಒಂದು ಏಟಿಗೆ ತೆಗೆದು ಟಿಂಚರ್ ಒತ್ತಿಬಿಡಬಹುದು. ಅರಿವಳಿಕೆ ಕೊಡುತ್ತಿರಲಿಲ್ಲ. "ಇಷ್ಟು ಚಿಕ್ಕದಕ್ಕೆ ನೋವು ಗೊತ್ತಾಗುವುದಿಲ್ಲ" ಅಂತ ನಾವು ಕಲಿತದ್ದು, ನಂಬಿದ್ದು. ಅದು ಸುಳ್ಳು. ಹುಟ್ಟಿದ ದಿನದ ಮರಿಗೂ ನೋವಿನ ನರಗಳು ಕೆಲಸ ಮಾಡುತ್ತವೆ. ಓಡಿಹೋಗಲು, ಕಚ್ಚಲು ಅದಕ್ಕೆ ಬರುವುದಿಲ್ಲ, ಅಷ್ಟೇ.

ಹಟ್ಟಿಗೆ ಹೋದಾಗ ಕೆಲಸ ಅರ್ಧ ಮುಗಿದಿತ್ತು. ಹಿಂದಿನ ರಾತ್ರಿ ತಮ್ಮ, ಡಾಕ್ಟರಿಗೆ ಯಾಕೆ ದುಡ್ಡು ಅಂತ, ಹೊಸ ಬ್ಲೇಡಿನಲ್ಲಿ ಕೆಂಪನ ಎರಡೂ ಹಿಂದಿನ ಉಗುರು ಕೊಯ್ದು, ಅರಿಷಿಣ ಒತ್ತಿ, ರಕ್ತ ನಿಲ್ಲಲೆಂದು ದಾರ ಬಿಗಿದಿದ್ದ. ತಾಯಿ ನಾಯಿ ಅರಿಷಿಣವನ್ನೆಲ್ಲ ನೆಕ್ಕಿತ್ತು. ದಾರ ಚರ್ಮದೊಳಗೆ ಹೂತು, ಅದರ ಕೆಳಗೆ ಪಾದ ಹೆಸರುಕಾಳಿನ ಮೊಳಕೆಯ ಹಾಗೆ ಉಬ್ಬಿ ನಿಗಿನಿಗಿ ಅನ್ನುತ್ತಿತ್ತು. ಉಳಿದ ಆರು ಮೊಲೆಗೆ ಕಚ್ಚಿಕೊಂಡಿದ್ದರೆ ಇದೊಂದು ಬದಿಗೆ ಬಿದ್ದು ಕುಂಯ್‌ಗುಡುತ್ತಿತ್ತು.

ದಾರ ಬಿಡಿಸಿ, ಸಲೈನಿನಲ್ಲಿ ತೊಳೆದು, ಕಿರಾಣಿ ಅಂಗಡಿಯ ತಕ್ಕಡಿ ತರಿಸಿ ತೂಗಿದೆ. 390 ಗ್ರಾಂ. ಅಕ್ಕತಂಗಿಯರು 450ರ ಆಸುಪಾಸು. ತೂಕದ ಲೆಕ್ಕದಲ್ಲಿ ಆಂಟಿಬಯಾಟಿಕ್ ಹನಿ ಬರೆದು, ಎರಡು ತಾಸಿಗೊಮ್ಮೆ ಮೊಲೆಗೆ ಹಿಡಿಯಿರಿ, ಕಂಬಳಿಯಲ್ಲಿ ಬೆಚ್ಚಗಿಡಿ ಎಂದೆ. ಈ ವಯಸ್ಸಿನ ಮರಿ ಸಾಯುವುದು ಗಾಯಕ್ಕಿಂತ ಹೆಚ್ಚಾಗಿ ತಂಪಿಗೆ ಮತ್ತು ಹಸಿವಿಗೆ.

ಇದೆಲ್ಲ ಆಗುವಾಗ ಅಣ್ಣತಮ್ಮಂದಿರ ತಾಯಿ, ಆ ಅಜ್ಜಿ, ಬಾಗಿಲಲ್ಲಿ ನಿಂತು ನನ್ನ ಚೀಲವನ್ನೇ ನೋಡುತ್ತಿದ್ದರು.

"ಇಪ್ಪತ್ತ ಉಗುರಿನ ನಾಯಿ ಹಟ್ಟ್ಯಾಗ ಇದ್ರ ತ್ವಾಳ ಹತ್ರ ಸುಳಿಯೂದಿಲ್ಲ. ಅದನ್ನ ಕಡಿಯಾಕ ಬಂದೀ ಏನಪಾ?"

"ಮಾರೂ ಮರಿ ಬೇರೆ ಐತಿ ಬಿಡವ್ವಾ" ಅಂದ ಅಣ್ಣ.

"ಮಾರೂದ್ರಾಗ ಕರೀ ಎಳಿದು ಇಲ್ಲ. ಅದು ನಂದು."

ಕರಿಯ ಅಲ್ಲಿಗೆ ಪಟ್ಟಿಯಿಂದ ಹೊರಬಿತ್ತು. ಅಜ್ಜಿಯ ಮಾತಿಗೆ ಆಧಾರ ಇಲ್ಲ, ಉಗುರು ಹೆಚ್ಚಿದ್ದರೆ ತೋಳ ಹೆದರುವುದಿಲ್ಲ. ಆದರೆ ನಗುವಂಥ ಮಾತೂ ಅಲ್ಲ. ಫ್ರಾನ್ಸಿನ ಬೋಸರಾನ್ ಅನ್ನುವ ಕುರಿ ಕಾಯುವ ತಳಿಗೆ ಹಿಂಗಾಲಿನಲ್ಲಿ ಜೋಡಿ ಡ್ಯೂ ಕ್ಲಾ ಇರಲೇಬೇಕೆಂದು ತಳಿಯ ನಿಯಮವೇ ಹೇಳುತ್ತದೆ. ಇಲ್ಲದ ನಾಯಿಯನ್ನು ಪ್ರದರ್ಶನದಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಅಜ್ಜಿಗೂ ಅಲ್ಲಿನ ಕುರಿಗಾಹಿಗಳಿಗೂ ಈ ವಿಷಯದಲ್ಲಿ ಒಂದೇ ಮಾತು.

ಮಸಾರಿ ನೆಲದ ಗುರುತು

ನನ್ನನ್ನು ನಿಲ್ಲಿಸಿದ್ದು ಬೇರೆ ಎರಡು ಸಂಗತಿ.

ಒಂದು ಹಳೆಯದು. ಇದೇ ತಾಯಿ ನಾಯಿಯ ತಂಗಿಗೆ ನಾಲ್ಕು ವರ್ಷದ ಹಿಂದೆ ಮುಂಗಾಲಿನ ಉಗುರು ತೆಗೆದವನು ನಾನೇ. ಅದು ಪಕ್ಕದ ಊರಿನ ಹೊಲದಲ್ಲಿ ಕಾವಲಿಗಿತ್ತು. ಕೆಲವು ತಿಂಗಳ ಹಿಂದೆ ಕುಂಟುತ್ತ ನನ್ನ ಆಸ್ಪತ್ರೆಗೆ ಬಂದಿತ್ತು. ಎಡ ಮುಂಗಾಲಿನ ಮಣಿಕಟ್ಟು ದಪ್ಪಗಾಗಿ, ಮಡಚಿದರೆ ಹಲ್ಲು ಕಿರಿಯುತ್ತಿತ್ತು. ಒಂದು ನಾಯಿ ನೋಡಿ ಏನನ್ನೂ ಹೇಳಲಾಗದು. ಮುಧೋಳ ನಾಯಿಯ ಓಟಕ್ಕೆ ಮಣಿಕಟ್ಟು ಕೆಡಲು ನೂರು ಕಾರಣ ಇರಬಹುದು. ಆದರೂ ಆ ಕಾಲು ಹಿಡಿದು ನೋಡುವಾಗ, ಒಳಬದಿಯಲ್ಲಿ ನಾನು ಮಾಡಿದ್ದ ಸಣ್ಣ ಬಿಳಿ ಕಲೆ ಕೈಗೆ ತಗುಲಿ, ಮನಸ್ಸಿನಲ್ಲಿ ಉಳಿದಿತ್ತು.

ಎರಡನೆಯದು ಅವತ್ತೇ ಕಂಡದ್ದು. ಬೆಳಗ್ಗೆ ತುಂತುರು ಬಿದ್ದು ಹಟ್ಟಿಯ ಮುಂದಿನ ಮಸಾರಿ ನೆಲ ಹದವಾಗಿ ಒದ್ದೆಯಾಗಿತ್ತು. ಕೆಂಪನಿಗೆ ಔಷಧ ಹಾಕುವಾಗ ಬೇಲಿಯಾಚೆ ಯಾವುದೋ ನಾಯಿ ಬಂತೆಂದು ತಾಯಿ ನಾಯಿ ಮರಿ ಬಿಟ್ಟು ಚಿಮ್ಮಿತು. ಬೇಲಿಯವರೆಗೆ ಹೋಗಿ, ಗಕ್ಕನೆ ತಿರುಗಿ, ಬಂದು ಮತ್ತೆ ಮಲಗಿತು. ಕೈ ತೊಳೆಯಲು ಹೋದವನು ಅದರ ಹೆಜ್ಜೆ ನೋಡಿದೆ. ನಡೆದ ಕಡೆ ನಾಲ್ಕು ಬೆರಳು, ಒಂದು ಅಂಗಾಲು, ಅಷ್ಟೇ. ತಿರುಗಿದ ಕಡೆ, ಮುಂಗಾಲಿನ ಗುರುತಿನ ಒಳಬದಿಯಲ್ಲಿ, ಬೆರಳುದ್ದದ ಒಂದು ಗೀರು. ಮೂರು ಹೆಜ್ಜೆಯಲ್ಲಿ ಮೂರು ಗೀರು. ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದೆ. ಅಣ್ಣ ಏನು ಕಳೆದುಕೊಂಡಿರಿ ಅಂತ ಕೇಳಿದ.

ಪುಸ್ತಕದಲ್ಲಿ ಓದಿದ್ದೆ: ನಾಯಿ ನಾಗಾಲೋಟದಲ್ಲಿರುವಾಗ ಮೈಭಾರ ಬಿದ್ದ ಮುಂಗಾಲಿನ ಮಣಿಕಟ್ಟು ಹಿಂದಕ್ಕೆ ಬಾಗಿ ನೆಲಕ್ಕೆ ಹತ್ತಿರವಾಗುತ್ತದೆ. ಆಗ ಆ ಐದನೇ ಉಗುರು ಮಣ್ಣು ಹಿಡಿದು, ಕಾಲು ತಿರುಚದಂತೆ ತಡೆಯುತ್ತದೆ. ಸುಮ್ಮನೆ ನೇತಾಡುವ ಅಂಗವಲ್ಲ ಅದು, ಮೂಳೆ ಇದೆ, ಕೀಲಿದೆ, ಎಳೆಯುವ ಸ್ನಾಯುರಜ್ಜು ಇದೆ. ಎಲುಬು ಕಡಿಯುವಾಗ ನಾಯಿ ಅದನ್ನು ಹೆಬ್ಬೆರಳಿನಂತೆ ಒತ್ತಿ ಹಿಡಿಯುವುದನ್ನು ಯಾರೂ ನೋಡಬಹುದು. ಓದಿದ್ದು ಓದಿದ ಹಾಗೆಯೇ ಇತ್ತು. ನೆಲದ ಮೇಲೆ ಕಂಡದ್ದು ಅವತ್ತೇ ಮೊದಲು.

ಹಿಂಗಾಲಿನ ಕಥೆ ಬೇರೆ. ಅಲ್ಲಿ ಹೆಚ್ಚಿನ ಉಗುರು ಬಹುತೇಕ ಚರ್ಮಕ್ಕೆ ಮಾತ್ರ ಅಂಟಿಕೊಂಡಿರುತ್ತದೆ, ಕಾಲಿನ ಎಲುಬಿಗೆ ನಂಟಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊರಳಿಸಿದರೆ ಕಿವಿಯ ಜುಮಕಿಯ ಹಾಗೆ ಅತ್ತಿತ್ತ ಆಡುತ್ತದೆ. ಕರಿಯನದು ಹಾಗೇ ಆಡಿತು. ಬಿಳಿಯನ ಬಲಗಾಲಿನದು ಆಡಲಿಲ್ಲ, ಒಳಗೆ ಏನೋ ಗಟ್ಟಿಯಾಗಿ ಹಿಡಿದಿತ್ತು. ಮೂರು ದಿನದ ಮರಿಯಲ್ಲಿ ಎಲ್ಲವೂ ಮೆತ್ತಗೆ, ಖಚಿತವಾಗಿ ಹೇಳುವುದು ಕಷ್ಟ.

ಅಲ್ಲಿ ಗೊತ್ತಾದದ್ದು ಏನೆಂದರೆ, ಐದು ದಿನದ ಗಡುವು ನನ್ನ ಅನುಕೂಲದ್ದು, ಮರಿಯದಲ್ಲ. ಅರಿವಳಿಕೆ ಇಲ್ಲದೆ, ಹೊಲಿಗೆ ಇಲ್ಲದೆ, ಒಂದೇ ಭೇಟಿಯಲ್ಲಿ ಮುಗಿಸಲು ಅದು ಸುಲಭ. ಆದರೆ ಯಾವ ಉಗುರಿಗೆ ಮೂಳೆ ಇದೆ, ಯಾವುದು ಜುಮಕಿ ಅನ್ನುವುದು ತಿಳಿಯುವ ಮೊದಲೇ ಇಡೀ ಸೂಲಿಗೆ ಒಂದೇ ತೀರ್ಪು ಕೊಡಿಸುವುದೂ ಅದೇ ಗಡುವು. ಇವತ್ತು ಬಿಟ್ಟದ್ದನ್ನು ನಾಲ್ಕು ತಿಂಗಳಿಗೆ ತೆಗೆಯಬಹುದು. ಇವತ್ತು ತೆಗೆದದ್ದನ್ನು ಆಗ ಅಂಟಿಸಲು ಬರುವುದಿಲ್ಲ.

ಫೋನಿನಲ್ಲಿ ತೋಟದವರು

ಅಲ್ಲಿಂದಲೇ ಫೋನ್ ಹಚ್ಚಿಸಿದೆ.

"ಡಾಕ್ಟ್ರೇ, ವರ್ಕಿಂಗ್ ಡಾಗ್‌ಗೆ ಫಾರಿನ್‌ನಲ್ಲಿ ಎಲ್ಲಾರೂ ತೆಗೆಸ್ತಾರೆ. ನಾನು ಸುಮ್ನೆ ಹೇಳ್ತಿಲ್ಲ. ನಮ್ಮ ಹಳೇ ನಾಯಿಗೆ ಮುಂದಿನ ಉಗುರು ಮೆಶ್‌ಗೆ ಸಿಕ್ಕಿ ಕಿತ್ತೋಗಿ, ಒಂದು ತಿಂಗಳು ಒದ್ದಾಡಿದೀವಿ."

ಅವರದು ಮೊಂಡುತನ ಅಲ್ಲ, ನೋವು ಕಂಡವರ ಹೆದರಿಕೆ. ಹಾಗಾಗಿ ವಾದಕ್ಕಿಳಿಯದೆ ಒಂದು ಪ್ರಶ್ನೆ ಕೇಳಿದೆ: ಆ ನಾಯಿಯ ಉಗುರು ಎಷ್ಟು ದಿನಕ್ಕೊಮ್ಮೆ ಕತ್ತರಿಸುತ್ತಿದ್ದಿರಿ? ಸ್ವಲ್ಪ ಹೊತ್ತು ಮಾತಿಲ್ಲ. ಕತ್ತರಿಸಿಯೇ ಇರಲಿಲ್ಲ. ಉಳಿದ ಉಗುರು ನಡೆದಾಡುವಾಗ ಸವೆಯುತ್ತವೆ. ಇದು ನಡಿಗೆಯಲ್ಲಿ ನೆಲಕ್ಕೆ ತಾಕದ ಕಾರಣ ಕುಡುಗೋಲಿನಂತೆ ಬಾಗಿ ಬೆಳೆಯುತ್ತದೆ, ಸಿಕ್ಕಿದ್ದಕ್ಕೆ ಕೊಂಡಿ ಹಾಕಿಕೊಳ್ಳುತ್ತದೆ.

ವಿದೇಶದ ಮಾತಿಗೂ ಉತ್ತರ ಕೊಟ್ಟೆ. ಅಲ್ಲೂ ಎಲ್ಲರೂ ತೆಗೆಸುವುದಿಲ್ಲ. ಇಂಗ್ಲೆಂಡಿನಲ್ಲಿ ಕಾನೂನು ಒಪ್ಪುತ್ತದೆ, ಆದರೆ ಮರಿ ಕಣ್ಣು ಬಿಟ್ಟ ಮೇಲೆ ಪಶುವೈದ್ಯರೇ ಮಾಡಬೇಕು. ಅಜಿಲಿಟಿ, ಅಂದರೆ ಅಡೆತಡೆ ದಾಟಿ ಓಡುವ ಸ್ಪರ್ಧೆಯ ನಾಯಿಗಳ ಮಾಲೀಕರನ್ನು ಕೇಳಿ ಮಾಡಿದ, 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಮುಂಗಾಲಿನ ಡ್ಯೂ ಕ್ಲಾ ಇಲ್ಲದ ನಾಯಿಗಳಿಗೇ ಬೆರಳಿನ ಗಾಯ ಹೆಚ್ಚು ಕಂಡಿತ್ತು. ಮಾಲೀಕರು ಹೇಳಿದ್ದನ್ನು ನಂಬಿ ಮಾಡಿದ ಲೆಕ್ಕ ಅದು, ಕೊನೆಯ ಮಾತೇನಲ್ಲ. ಆದರೆ "ಗಾಯ ತಪ್ಪಿಸಲು ತೆಗೆಯುತ್ತೇವೆ" ಅನ್ನುವವರು ಅದನ್ನು ಪಕ್ಕಕ್ಕಿಡುವ ಹಾಗಿಲ್ಲ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅಂಗಹೀನ ಮಾಡುವುದನ್ನು ಅಪರಾಧ ಅನ್ನುತ್ತದೆ, ಚಿಕಿತ್ಸೆಯ ಕಾರಣವಿಲ್ಲದೆ ಕತ್ತರಿ ಎತ್ತುವ ಮೊದಲು ನಾನೂ ಯೋಚಿಸಬೇಕು ಅಂದೆ.

ಅವರು ಪೂರ್ತಿ ಒಪ್ಪಲಿಲ್ಲ. ಕೊನೆಗೆ, ಹೇಳಬಾರದ ಮಾತು ಬಾಯಿಂದ ಬಂತು: ಒಂದು ವರ್ಷದೊಳಗೆ ನಾಲ್ಕರಲ್ಲಿ ಯಾವುದಕ್ಕಾದರೂ ಮುಂದಿನ ಉಗುರಿನ ಗಾಯವಾದರೆ ಖರ್ಚು ನನ್ನದು. ಒಪ್ಪಂದವಾಯಿತು. ಅವರಿಗೆ 18 ಉಗುರಿನ ಮೂರು ಮರಿ ಮತ್ತು ಬಿಳಿಯ. ಮುಂಗಾಲು ಯಾರದೂ ಮುಟ್ಟುವುದಿಲ್ಲ. ಬಿಳಿಯನ ಹಿಂದಿನ ಒಂದನ್ನು ಎಂಟು ವಾರಕ್ಕೆ ನೋಡಿ ಹೇಳುತ್ತೇನೆ. ಕೆಂಪ, ಕರಿಯ ಹಟ್ಟಿಯಲ್ಲೇ. ಉಳಿದ ಒಂದು ಮರಿ ಊರಿನವರಿಗೇ ಹೋಯಿತು.

ಆಮೇಲೆ ಆದದ್ದು

ಕೆಂಪ ಬದುಕಿತು. ಮರುದಿನ 380ಕ್ಕೆ ಇಳಿದು ಹೆದರಿಸಿತು, ಆರನೇ ದಿನಕ್ಕೆ 440. ಆದರೆ ಬ್ಲೇಡಿನ ಕೆಲಸ ಅರೆಬರೆ. ಎಡಗಾಲಿನಲ್ಲಿ ಉಗುರಿನ ಬೇರು ಉಳಿದುಬಿಟ್ಟಿತ್ತು. ಮೂರು ತಿಂಗಳಿಗೆ ಕಲೆಯ ನಡುವಿನಿಂದ ಒಂದು ಸೊಟ್ಟ ಉಗುರು ಮೂಡಿ ಚರ್ಮದ ಕಡೆಗೇ ತಿರುಗಿ ಚುಚ್ಚತೊಡಗಿತು. ಮನೆಯಲ್ಲಿ ಕೊಯ್ದ ಮರಿಗಳಲ್ಲಿ ಇದನ್ನು ಆಮೇಲೂ ಕಂಡಿದ್ದೇನೆ.

ಬಿಳಿಯನನ್ನು ಎಂಟು ವಾರಕ್ಕೆ ನೋಡಿದಾಗ ಹಿಂಗಾಲಿನ ಬೆರಳು ಎಲುಬಿಗೆ ಕೂಡಿಕೊಂಡು ಗಟ್ಟಿಯಾಗಿತ್ತು. ಹಾಗೇ ಕಳಿಸಿದೆ. 19 ಉಗುರಿನಲ್ಲೇ ತೋಟ ಸುತ್ತುತ್ತಿದೆ.

ಕರಿಯನ ವಿಷಯದಲ್ಲಿ ಎಡವಿದವನು ನಾನು. ಎಂಟು ವಾರಕ್ಕೆ ಅದರ ಎರಡೂ ಜುಮಕಿ ಇನ್ನೂ ಸಡಿಲವಾಗಿದ್ದವು. ನಾಲ್ಕು ತಿಂಗಳಿಗೆ ಅರಿವಳಿಕೆ ಕೊಟ್ಟು ನೆಮ್ಮದಿಯಿಂದ ತೆಗೆಯೋಣ, ಕೆಂಪನ ಸೊಟ್ಟ ಉಗುರಿನದೂ ಜತೆಗೇ ಆಗಲಿ ಅನ್ನಬೇಕಿತ್ತು. ಅಜ್ಜಿಯ ಎದುರು ಆ ಮಾತು ಎತ್ತುವುದು ಮುಜುಗರವಾಗಿ, ನೋಡೋಣ ಬಿಡ್ರಿ ಅಂದು ಬಂದೆ. ತಾರೀಖು ಬರೆಯಲಿಲ್ಲ. ಏಳನೇ ತಿಂಗಳಲ್ಲಿ ಅದು ಬಳ್ಳಾರಿ ಜಾಲಿಯ ಬೇಲಿ ನುಗ್ಗಿ ಹೋಗುವಾಗ ಬಲಗಾಲಿನ ಉಗುರು ಸಿಕ್ಕಿ ಅರ್ಧ ಸೀಳಿತು. ರಾತ್ರಿ ಒಂಬತ್ತಕ್ಕೆ ಬೈಕಿನಲ್ಲಿ ಗೋಣಿಚೀಲದಲ್ಲಿ ಸುತ್ತಿ ತಂದರು. ಚೀಲ ತೊಯ್ದಿತ್ತು.

ಬೆಳಗ್ಗೆ ಮಂಪರಿಗೆ ಜೈಲಜಿನ್, ಕೆಟಮಿನ್ ಕೊಟ್ಟು, ಜಾಗ ಮರಗಟ್ಟಲು ಕಾಲಿನ ಸುತ್ತ ಲಿಗ್ನೋಕೇನ್ ಹಾಕಿ ತೆಗೆದೆ. ಈ ಜಾತಿಯ ತೆಳ್ಳಗಿನ ಓಟದ ನಾಯಿಗಳಿಗೆ ಥಯೋಪೆಂಟಾಲ್ ಅನ್ನುವ ಅರಿವಳಿಕೆ ಬೇಡ. ಮೈಯಲ್ಲಿ ಕೊಬ್ಬು ಕಡಿಮೆ, ಔಷಧವನ್ನು ಕರಗಿಸುವುದೂ ನಿಧಾನ, ಏಳಲು ವಿಪರೀತ ಹೊತ್ತು ಹಿಡಿಯುತ್ತದೆ. ಅದೇ ಮಂಪರಿನಲ್ಲಿ ಎಡಗಾಲಿನದೂ ತೆಗೆಯುತ್ತೇನೆ ಎಂದೆ. ಅಜ್ಜಿ ಬಿಡಲಿಲ್ಲ. "ಒಂದರ ಇರಲಿ." ಅದು ಉಳಿಯಿತು. ಹೊಲಿಗೆ ನೆಕ್ಕದಂತೆ ಒಡೆದ ಪ್ಲಾಸ್ಟಿಕ್ ಬಕೆಟಿನ ತಳ ಕತ್ತರಿಸಿ ಕೊರಳಿಗೆ ಹಾಕಿದರು. ಹನ್ನೆರಡು ದಿನಕ್ಕೆ ಹೊಲಿಗೆ ಬಿಚ್ಚಿದೆ. ಕೆಂಪನದನ್ನೂ ಅದೇ ವಾರ ಮುಗಿಸಿದೆ. ಇಪ್ಪತ್ತರ ನಾಯಿ ಹತ್ತೊಂಬತ್ತಾಯಿತು.

ಬೆಂಗಳೂರಿನಿಂದ ಹನ್ನೊಂದನೇ ತಿಂಗಳಲ್ಲಿ ಒಂದು ಫೋಟೊ ಬಂತು: ಮರಿಯೊಂದರ ಮುಂಗಾಲಿಗೆ ಬ್ಯಾಂಡೇಜು. ಅದರ ಹಿಂದೆಯೇ 1,800 ರೂಪಾಯಿ ಬಿಲ್ಲು. ಅದೇ ಮೆಶ್, ಅದೇ ಉಗುರು. ಬೆರಳು ಹೋಗಿರಲಿಲ್ಲ, ಉಗುರಿನ ತುದಿ ಒಡೆದು ಒಳಗಿನ ಜೀವ ಭಾಗ ತೆರೆದುಕೊಂಡಿತ್ತು. ಎರಡು ವಾರಕ್ಕೆ ವಾಸಿಯಾಯಿತು. ದುಡ್ಡು ಕಳಿಸಿದೆ. ಜತೆಗೆ ಬಿಳಿಯನ ಉಗುರಿನ ಫೋಟೊ ಕಳಿಸಲು ಕೇಳಿದೆ. ಚೆನ್ನಾಗಿ ಮೊಟಕಾಗಿತ್ತು. ಗಾಯವಾದ ಮರಿಯನ್ನು ಮಾತ್ರ, ಕಾಲು ಮುಟ್ಟಲು ಬಿಡುವುದಿಲ್ಲವೆಂದು, ಎರಡು ತಿಂಗಳಿಂದ ಯಾರೂ ಹಿಡಿದಿರಲಿಲ್ಲ.

ಈಗ ನಾನು ಮಾಡುವುದು

ಮುಂಗಾಲಿನ ಡ್ಯೂ ಕ್ಲಾ ಆರೋಗ್ಯವಾಗಿದ್ದರೆ, ಓಡುವ, ತಿರುಗುವ, ಕೆಲಸದ ನಾಯಿಗೆ ಅದನ್ನು ನಾನು ತೆಗೆಯುವುದಿಲ್ಲ. ಒಂದು ವರ್ಷದಲ್ಲಿ ಒಂದು ತುದಿ ಒಡೆದದ್ದು ನನ್ನ ಮನಸ್ಸು ಬದಲಿಸಲಿಲ್ಲ. ನಾಲ್ಕು ಮರಿಯ ಎಂಟು ಬೆರಳು ತೆಗೆದು ಅದೊಂದನ್ನು ತಪ್ಪಿಸಬೇಕಿತ್ತೆ? ಉಳಿದ ಮರಿಗಳ ಮಣಿಕಟ್ಟು ನಾಲ್ಕೈದು ವರ್ಷಕ್ಕೆ ಹೇಗಿರುತ್ತದೆ ಅನ್ನುವುದು ನೋಡಬೇಕಾದ ಮಾತು, ನೋಡುತ್ತಿದ್ದೇನೆ.

ಹಿಂಗಾಲಿನದಕ್ಕೆ ಸೂಲಿನ ತೀರ್ಪಿಲ್ಲ, ಕಾಲಿನ ತೀರ್ಪು. ಎಂಟು ವಾರಕ್ಕೆ ಹೊರಳಿಸಿ ನೋಡುತ್ತೇನೆ. ಗಟ್ಟಿಯಿದ್ದರೆ ಉಳಿಯುತ್ತದೆ. ಜುಮಕಿಯಾಗಿದ್ದು, ನಾಯಿ ಮುಳ್ಳುಬೇಲಿಯಲ್ಲಿ ಕೆಲಸ ಮಾಡುವುದಾದರೆ, ನಾಲ್ಕು ತಿಂಗಳಿಗೆ ಅರಿವಳಿಕೆಯಲ್ಲಿ. ಆ ದಿನವನ್ನು ಲಸಿಕೆಯ ಕಾರ್ಡಿನ ಹಿಂದೆ, ಮಾಲೀಕರ ಎದುರೇ ಬರೆಯುತ್ತೇನೆ. ತಾರೀಖಿಲ್ಲದೆ ಕಾಯುವುದು ಮರೆಯುವುದಕ್ಕೆ ಇನ್ನೊಂದು ಹೆಸರು ಅಂತ ಕರಿಯ ಕಲಿಸಿತು. ಮಾಲೀಕರು ಒಪ್ಪದಿದ್ದರೆ ಒಪ್ಪಲಿಲ್ಲ ಎಂದೂ ಬರೆಯುತ್ತೇನೆ.

ಬ್ಲೇಡಿನ ಮಾತು ಎತ್ತಿದವರಿಗೆ ಕೆಂಪನ ಕಾಲಿನ ಫೋಟೊ ತೋರಿಸುತ್ತೇನೆ. ಮತ್ತು ಮರಿಗೆ ಮೂರು ವಾರ ಆದ ದಿನದಿಂದ ಮನೆಯ ಹುಡುಗರ ಕೈಯಲ್ಲಿ ಪ್ರತಿ ದಿನ ಪಾದ ಹಿಡಿಸುತ್ತೇನೆ, ದೊಡ್ಡದಾದ ಮೇಲೆ ಉಗುರು ಕತ್ತರಿಸಲು ಕಾಲು ಕೊಡಲಿ ಅಂತ.

ಕಳೆದ ಸಲ ಆ ಹಟ್ಟಿಗೆ ಕುರಿಗಳ ಲಸಿಕೆಗೆ ಹೋದಾಗ ಉಣ್ಣೆ ಕತ್ತರಿಯ ಪಕ್ಕದ ಗೂಟಕ್ಕೆ ಒಂದು ನಾಯಿಯ ಉಗುರು ಕತ್ತರಿ ನೇತಾಡುತ್ತಿತ್ತು. ತಮ್ಮ ತಂದದ್ದಂತೆ. ತಾಯಿ ನಾಯಿ ಮತ್ತೆ ಗಬ್ಬವಾಗಿತ್ತು. ಈ ಸಲ ಎಷ್ಟು ಉಗುರಿನವು ಹುಟ್ಟುತ್ತವೋ ಅಂತ ಅಜ್ಜಿ ನನ್ನನ್ನೇ ಕೇಳಿದರು.